ಟಾಕ್‌ಬ್ಯಾಕ್, ವಾಯ್ಸ್‌ಓವರ್: ಸ್ವೈಪ್ ಮತ್ತು ಡಬಲ್ ಟ್ಯಾಪ್ ಆಚೆಗೆ ಏನೇನಿದೆ?

ಪರದೆಯಲ್ಲಿರುವುದನ್ನು ದನಿಯಲ್ಲಿ ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವ ತುಂಬಾ ಜನರ ಫೋನ್ ಬಳಕೆ ಎರಡೇ ಚಲನೆಯಲ್ಲಿ ಮುಗಿಯುತ್ತದೆ. ಬಲಕ್ಕೆ ಸ್ವೈಪ್ ಮಾಡುತ್ತಾ ಹೋಗುವುದು, ಬೇಕಾದ ಹೆಸರು ಕೇಳಿಸಿದ ಕೂಡಲೇ ಡಬಲ್ ಟ್ಯಾಪ್ ಮಾಡುವುದು. ಇದರಲ್ಲೂ ಕೆಲಸ ನಡೆಯುತ್ತದೆ. ಆದರೆ ಸುದ್ದಿ ಪುಟವೊಂದರಲ್ಲಿ ಮೆನು, ಜಾಹೀರಾತು, ಲಾಗಿನ್ ಬಟನ್ ಎಲ್ಲ ದಾಟಿ ಸುದ್ದಿಗೆ ತಲುಪುವಷ್ಟರಲ್ಲಿ ಬೆರಳು ಸೋತಿರುತ್ತದೆ, ಅಲ್ವಾ? ಆಗ ನಾವು ಆ ಪುಟವನ್ನು ಬೈಯುತ್ತೇವೆ. ಅರ್ಧ ತಪ್ಪು ಅದರದ್ದೇ ಇರಬಹುದು. ಉಳಿದರ್ಧಕ್ಕೆ ಕಾರಣ ಬೇರೆ: ಫೋನ್ ಒಳಗೇ ಇರುವ ಅಡ್ಡದಾರಿಗಳನ್ನು ನಮಗೆ ಯಾರೂ ತೋರಿಸಿಕೊಟ್ಟಿಲ್ಲ.

ಐಫೋನ್‌ನ ಸ್ಕ್ರೀನ್ ರೀಡರ್ ವಾಯ್ಸ್‌ಓವರ್ ಬಂದದ್ದು 2009ರಲ್ಲಿ, 3ಜಿಎಸ್ ಮಾಡೆಲ್ ಜೊತೆಗೆ. ಆಂಡ್ರಾಯ್ಡ್‌ನ ಸ್ಕ್ರೀನ್ ರೀಡರ್ ಟಾಕ್‌ಬ್ಯಾಕ್ ಬಂದದ್ದೂ ಅದೇ ವರ್ಷ. ಅಲ್ಲಿಂದ ಇಲ್ಲಿಯವರೆಗೆ ಎರಡೂ ಕಡೆ ಹೊಸ ಸೌಲಭ್ಯಗಳು ಸೇರುತ್ತಲೇ ಇವೆ. ಹೆಚ್ಚಿನವು ಸೆಟ್ಟಿಂಗ್ಸ್‌ನ ಮೂರನೇ ನಾಲ್ಕನೇ ಮನೆಯಲ್ಲಿ ಸುಮ್ನೆ ಕೂತಿವೆ. ಒಂದು ಕೆಲಸಕ್ಕೆ ಹೊಸ ಆ್ಯಪ್ ಹುಡುಕುವ ಮೊದಲು ಇವನ್ನು ನೋಡಿ ಎನ್ನುವುದೇ ಈ ಬರಹದ ಉದ್ದೇಶ.

ಒಂದು ಮಾತು ಮೊದಲೇ ಹೇಳುತ್ತೇನೆ. ಎಲ್ಲವನ್ನೂ ಒಂದೇ ದಿನ ಕಲಿಯಲು ಹೋಗಬೇಡಿ. ರೋಟರ್ ಅಥವಾ ರೀಡಿಂಗ್ ಕಂಟ್ರೋಲ್ ಭಾಗವನ್ನು ಮೊದಲು ಓದಿ, ಒಂದಷ್ಟು ದಿನ ಅದನ್ನೇ ಬಳಸಿ. ಉಳಿದದ್ದಕ್ಕೆ ಯಾವ ಅವಸರವೂ ಇಲ್ಲ.

ಕೈ ಹಾಕುವ ಮೊದಲು

ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್ ಫೋನ್‌ನ ಸಿಸ್ಟಮ್ ಅಪ್‌ಡೇಟ್ ಜೊತೆಗಷ್ಟೇ ಬರುತ್ತದೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಪ್ಲೇ ಸ್ಟೋರ್‌ನಲ್ಲಿ 'ಆಂಡ್ರಾಯ್ಡ್ ಆಕ್ಸೆಸಿಬಿಲಿಟಿ ಸ್ಯೂಟ್' ಎಂಬ ಹೆಸರಿನಲ್ಲಿ ಅದು ಬೇರೆಯಾಗಿಯೇ ಅಪ್‌ಡೇಟ್ ಆಗುತ್ತದೆ. ಹಳೇ ಫೋನ್ ಇದ್ದರೂ ಒಮ್ಮೆ ಅಲ್ಲಿ ಹೋಗಿ ನೋಡಿ. ಕೆಲವು ಕಂಪನಿಗಳ ಫೋನ್‌ಗಳಲ್ಲಿ ಮೆನು ಹೆಸರುಗಳು ಸ್ವಲ್ಪ ಬದಲಾಗಿರುತ್ತವೆ. ನಾನು ಹೇಳಿದ ಹೆಸರು ಸಿಗದಿದ್ದರೆ ಸೆಟ್ಟಿಂಗ್ಸ್‌ನ ಸರ್ಚ್ ಪೆಟ್ಟಿಗೆಯಲ್ಲಿ ಹುಡುಕಿ.

ಅಭ್ಯಾಸಕ್ಕೆ ಎರಡರಲ್ಲೂ ಪ್ರತ್ಯೇಕ ಜಾಗ ಇದೆ. ಐಫೋನ್‌ನಲ್ಲಿ ನಾಲ್ಕು ಬೆರಳಿನಿಂದ ಡಬಲ್ ಟ್ಯಾಪ್ ಮಾಡಿದರೆ ವಾಯ್ಸ್‌ಓವರ್ ಹೆಲ್ಪ್ ತೆರೆಯುತ್ತದೆ. ಅಲ್ಲಿ ನೀವು ಯಾವ ಗೆಸ್ಚರ್ (ಬೆರಳಿನ ಚಲನೆ) ಮಾಡಿದರೂ ಅದು ಏನು ಕೆಲಸ ಮಾಡುತ್ತದೆ ಎಂದು ಫೋನ್ ಹೇಳುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್ ಸೆಟ್ಟಿಂಗ್ಸ್‌ನ ಟ್ಯುಟೋರಿಯಲ್ ಭಾಗದಲ್ಲಿ 'ಪ್ರಾಕ್ಟೀಸ್ ಗೆಸ್ಚರ್ಸ್' ಇದೆ. ಹೊಸ ಗೆಸ್ಚರ್ ಕಲಿಯುವಾಗ ಮೊದಲು ಇಲ್ಲಿ ಮಾಡಿ ನೋಡಿ. ಯಾರಿಗೋ ಕಾಲ್ ಹೋಗಿಬಿಡುವ ಭಯ ಇರುವುದಿಲ್ಲ.

ಸ್ಕ್ರೀನ್ ರೀಡರ್ ಅಕಸ್ಮಾತ್ ಆಫ್ ಆದರೆ ಏನು ಮಾಡುತ್ತೀರಿ? ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಆಕ್ಸೆಸಿಬಿಲಿಟಿ ಶಾರ್ಟ್‌ಕಟ್ ಒಳಗೆ ವಾಯ್ಸ್‌ಓವರ್ ಆಯ್ಕೆ ಮಾಡಿಟ್ಟರೆ, ಸೈಡ್ ಬಟನ್ ಮೂರು ಸಲ ಒತ್ತಿದಾಗ ಅದು ವಾಪಸ್ ಬರುತ್ತದೆ. ಆಂಡ್ರಾಯ್ಡ್‌ನಲ್ಲಿ ಎರಡೂ ವಾಲ್ಯೂಮ್ ಬಟನ್‌ಗಳನ್ನು ಸುಮಾರು 3 ಸೆಕೆಂಡ್ ಹಿಡಿಯಬೇಕು. ಇದು ಆನ್ ಇದೆಯೇ ಎಂದು ಇವತ್ತೇ ಖಚಿತ ಮಾಡಿಕೊಳ್ಳಿ. ಸಿರಿಗೆ ಅಥವಾ ಗೂಗಲ್ ಅಸಿಸ್ಟೆಂಟ್‌ಗೆ ಬಾಯಲ್ಲಿ ಹೇಳಿಯೂ ಆನ್ ಮಾಡಿಸಬಹುದು. ಆದರೆ ನೆಟ್ ಇಲ್ಲದ ಜಾಗದಲ್ಲಿ ಬಟನ್ ನಂಬುವುದೇ ಮೇಲು.

ಮೊದಲ ಪಾಠ: ರೋಟರ್ ಮತ್ತು ರೀಡಿಂಗ್ ಕಂಟ್ರೋಲ್

ಇಡೀ ಬರಹದಲ್ಲಿ ಒಂದೇ ಒಂದು ವಿಷಯ ಕಲಿಯುತ್ತೀರಿ ಎಂದಾದರೆ ಇದನ್ನು ಕಲಿಯಿರಿ.

ಎಡ-ಬಲ ಸ್ವೈಪ್ ಯಾವಾಗಲೂ ಒಂದೊಂದೇ ವಸ್ತು ದಾಟುತ್ತದೆ. ಮೇಲೆ-ಕೆಳಗೆ ಸ್ವೈಪ್ ಹಾಗಲ್ಲ. ಅದು ಎಷ್ಟು ದೊಡ್ಡ ಹೆಜ್ಜೆ ಇಡಬೇಕು ಎಂಬುದನ್ನು ನೀವೇ ನಿರ್ಧರಿಸಬಹುದು: ಅಕ್ಷರ, ಪದ, ಸಾಲು, ಹೆಡಿಂಗ್, ಲಿಂಕ್, ಬಟನ್ ಹೀಗೆ. ಈ ಹೆಜ್ಜೆಯ ಅಳತೆ ಬದಲಿಸುವ ವ್ಯವಸ್ಥೆಗೆ ಐಫೋನ್‌ನಲ್ಲಿ ರೋಟರ್ ಎನ್ನುತ್ತಾರೆ, ಆಂಡ್ರಾಯ್ಡ್‌ನಲ್ಲಿ ರೀಡಿಂಗ್ ಕಂಟ್ರೋಲ್.

ಐಫೋನ್‌ನಲ್ಲಿ ಹೀಗೆ ಮಾಡಿ:

1. ಎರಡು ಬೆರಳನ್ನು ಪರದೆಯ ಮೇಲಿಟ್ಟು, ರೇಡಿಯೋದ ಗುಂಡಿ ತಿರುಗಿಸುವ ಹಾಗೆ ತಿರುಗಿಸಿ. 'ಕ್ಯಾರೆಕ್ಟರ್ಸ್', 'ವರ್ಡ್ಸ್', 'ಸ್ಪೀಕಿಂಗ್ ರೇಟ್' ಎಂದು ಒಂದೊಂದಾಗಿ ಕೇಳಿಸುತ್ತದೆ. ಒಂದು ಕೈಯಲ್ಲಿ ಕಷ್ಟವಾದರೆ ಎರಡು ಕೈಯ ಒಂದೊಂದು ಬೆರಳು ಬಳಸಿ.
2. ವೆಬ್ ಪುಟದಲ್ಲಿದ್ದಾಗ 'ಹೆಡಿಂಗ್ಸ್' ಬರುವವರೆಗೆ ತಿರುಗಿಸಿ ಬೆರಳೆತ್ತಿ.
3. ಈಗ ಒಂದೇ ಬೆರಳಿನಿಂದ ಕೆಳಕ್ಕೆ ಸ್ವೈಪ್ ಮಾಡಿ. ನೇರವಾಗಿ ಮುಂದಿನ ಹೆಡಿಂಗ್‌ಗೆ ಹೋಗುತ್ತೀರಿ. ಮೇಲಕ್ಕೆ ಮಾಡಿದರೆ ಹಿಂದಿನದು.

ಆಂಡ್ರಾಯ್ಡ್‌ನಲ್ಲಿ ಮೂರು ಬೆರಳಿನಿಂದ ಮೇಲಕ್ಕೋ ಕೆಳಕ್ಕೋ ಸ್ವೈಪ್ ಮಾಡಿದರೆ ರೀಡಿಂಗ್ ಕಂಟ್ರೋಲ್ ಬದಲಾಗುತ್ತದೆ. ನಿಮ್ಮ ಫೋನ್ ಹಳೆಯದಾಗಿದ್ದು ಮೂರು ಬೆರಳಿನ ಗೆಸ್ಚರ್ ಗೊತ್ತಾಗದಿದ್ದರೆ, ಒಂದೇ ಬೆರಳನ್ನು ಎತ್ತದೆ ಮೇಲೆ ಎಳೆದು ತಕ್ಷಣ ಕೆಳಗೆ ಎಳೆಯಿರಿ. ಹೆಡಿಂಗ್ಸ್ ಸಿಕ್ಕ ಮೇಲೆ ಒಂದು ಬೆರಳಿನಿಂದ ಕೆಳಕ್ಕೆ ಸ್ವೈಪ್ ಮಾಡಿದರೆ ಆಯಿತು.

ಜನ ಇದನ್ನು ಕಲಿತೂ ಬಿಟ್ಟುಬಿಡುವುದು ಏಕೆಂದರೆ ಪಟ್ಟಿ ತುಂಬಾ ಉದ್ದ. ಬೇಕಾದದ್ದು ಬರುವಷ್ಟರಲ್ಲಿ ಹತ್ತು ಬೇಡದ್ದು ಕೇಳಬೇಕು. ಇದಕ್ಕೆ ಮದ್ದು ಪಟ್ಟಿಯನ್ನು ಕತ್ತರಿಸುವುದು. ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ವಾಯ್ಸ್‌ಓವರ್, ರೋಟರ್ ಎಂದು ಹೋಗಿ. ಬಳಸದ ಎಲ್ಲದರ ಟಿಕ್ ತೆಗೆಯಿರಿ. ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್ ಸೆಟ್ಟಿಂಗ್ಸ್, ಕಸ್ಟಮೈಸ್ ಮೆನೂಸ್, ಕಸ್ಟಮೈಸ್ ರೀಡಿಂಗ್ ಕಂಟ್ರೋಲ್ಸ್. ನನ್ನ ಸಲಹೆ: ಅಕ್ಷರ, ಪದ, ಹೆಡಿಂಗ್, ಲಿಂಕ್, ಮಾತಿನ ವೇಗ, ಭಾಷೆ, ಇಷ್ಟು ಇಟ್ಟುಕೊಳ್ಳಿ. ಫಾರ್ಮ್ ತುಂಬುವ ಕೆಲಸ ಜಾಸ್ತಿ ಇರುವವರು ಫಾರ್ಮ್ ಕಂಟ್ರೋಲ್ಸ್ ಅಥವಾ ಕಂಟ್ರೋಲ್ಸ್ ಸೇರಿಸಿಕೊಳ್ಳಿ. ಉಳಿದದ್ದು ಬೇಕೆನಿಸಿದಾಗ ವಾಪಸ್ ತರಬಹುದು.

ಹೆಡಿಂಗ್ ಬರೀ ವೆಬ್ ಪುಟಕ್ಕಷ್ಟೇ ಸೀಮಿತ ಅಲ್ಲ. ಸೆಟ್ಟಿಂಗ್ಸ್‌ನಲ್ಲಿ, ಆ್ಯಪ್ ಸ್ಟೋರ್‌ಗಳಲ್ಲಿ, ಒಳ್ಳೆಯದಾಗಿ ಮಾಡಿದ ಅನೇಕ ಆ್ಯಪ್‌ಗಳಲ್ಲಿ ಕೂಡ ಕೆಲಸ ಮಾಡುತ್ತದೆ. ಹೊಸ ಆ್ಯಪ್ ತೆರೆದಾಗ ಮೊದಲು ಹೆಡಿಂಗ್‌ಗಳಲ್ಲಿ ಒಂದು ಸುತ್ತು ಹಾಕಿ. ಪರದೆಯ ಒಟ್ಟು ನಕ್ಷೆ ತಲೆಗೆ ಬರುತ್ತದೆ.

ಪದ, ಅಕ್ಷರದ ಹೆಜ್ಜೆಗೂ ಒಂದು ಉಪಯೋಗ ಇದೆ. ಒಟಿಪಿ ಅಥವಾ ಖಾತೆ ಸಂಖ್ಯೆಯನ್ನು ಧ್ವನಿ 'ಮೂರು ಲಕ್ಷದ ನಲವತ್ತೆರಡು ಸಾವಿರ' ಎಂದು ಓದಿಬಿಟ್ಟಾಗ, ಅಕ್ಷರಕ್ಕೆ ಬದಲಿಸಿ ಕೆಳಕ್ಕೆ ಸ್ವೈಪ್ ಮಾಡುತ್ತಾ ಹೋಗಿ. ಒಂದೊಂದೇ ಅಂಕಿ ಕೇಳಿಸುತ್ತದೆ.

ಆಕ್ಷನ್ಸ್: ಕೇಳಿಸಿಯೂ ಕೇಳಿಸದ ಸೂಚನೆ

ಮೇಲ್ ಪಟ್ಟಿಯಲ್ಲಿ ಸಾಗುವಾಗ 'ಆಕ್ಷನ್ಸ್ ಅವೈಲಬಲ್' ಎಂದು ಕೇಳಿಸಿರುತ್ತದೆ. ತುಂಬಾ ಜನ ಅದನ್ನು ಗದ್ದಲ ಎಂದುಕೊಂಡು ಮುಂದೆ ಹೋಗುತ್ತಾರೆ. ಮೇಲ್ ತೆರೆಯದೆಯೇ ಅಳಿಸುವುದು, ಆರ್ಕೈವ್ ಮಾಡುವುದು, ಮೆಸೇಜ್‌ಗೆ ಉತ್ತರ ಕೊಡುವುದು, ನೋಟಿಫಿಕೇಶನ್ ತೆಗೆದುಹಾಕುವುದು, ಹೋಮ್ ಸ್ಕ್ರೀನ್‌ನಲ್ಲಿ ಆ್ಯಪ್ ಜಾಗ ಬದಲಿಸುವುದು ಎಲ್ಲ ಅದರೊಳಗೆ ಇರುತ್ತದೆ.

ಐಫೋನ್‌ನಲ್ಲಿ ಆಕ್ಷನ್ಸ್ ಇರುವ ವಸ್ತುವಿನ ಮೇಲೆ ನಿಂತು ಮೇಲೆ ಅಥವಾ ಕೆಳಗೆ ಸ್ವೈಪ್ ಮಾಡಿ. ಬೇಕಾದದ್ದು ಕೇಳಿಸಿದಾಗ ಡಬಲ್ ಟ್ಯಾಪ್. ರೋಟರ್ ಬೇರೆಲ್ಲೋ ಇದ್ದರೆ ಮೊದಲು 'ಆಕ್ಷನ್ಸ್'ಗೆ ತಿರುಗಿಸಿಕೊಳ್ಳಿ. ಆಂಡ್ರಾಯ್ಡ್‌ನಲ್ಲಿ ಮೂರು ಬೆರಳಿನಿಂದ ಒಮ್ಮೆ ತಟ್ಟಿದರೆ ಟಾಕ್‌ಬ್ಯಾಕ್ ಮೆನು ತೆರೆಯುತ್ತದೆ, ಅದರಲ್ಲಿ 'ಆಕ್ಷನ್ಸ್' ಇರುತ್ತದೆ. ದೃಷ್ಟಿ ಇರುವವರು ಬೆರಳಿನಿಂದ ಎಳೆದು ಪಕ್ಕಕ್ಕೆ ಸರಿಸಿ ಮಾಡುವ ಕೆಲಸಗಳೆಲ್ಲ ನಮಗೆ ಸಿಗುವುದು ಹೆಚ್ಚಾಗಿ ಇಲ್ಲೇ. 'ಈ ಆ್ಯಪ್‌ನಲ್ಲಿ ಡಿಲೀಟ್ ಬಟನ್ನೇ ಇಲ್ಲ' ಎಂದು ದೂರುವ ಮೊದಲು ಇಲ್ಲಿ ನೋಡಿ.

ಒಂದೇ ಏಟಿಗೆ ಮುಗಿಯುವ ಸಣ್ಣ ಕೆಲಸಗಳು

ಎರಡು ಬೆರಳಿನ ಡಬಲ್ ಟ್ಯಾಪ್ ಎರಡೂ ಫೋನ್‌ಗಳಲ್ಲಿ ಕಾಲ್ ಎತ್ತುತ್ತದೆ, ಮುಗಿಸುತ್ತದೆ, ಹಾಡನ್ನು ನಿಲ್ಲಿಸಿ ಶುರು ಮಾಡುತ್ತದೆ. ಕಾಲ್ ಬಂದಾಗ 'ಆನ್ಸರ್' ಬಟನ್ ಹುಡುಕುತ್ತಾ ಒದ್ದಾಡುವವರನ್ನು ನೋಡಿದಾಗೆಲ್ಲ ಇದನ್ನು ಮೊದಲೇ ಯಾಕೆ ಹೇಳಿಕೊಡುವುದಿಲ್ಲವೋ ಎನಿಸುತ್ತದೆ. ಎರಡು ಬೆರಳಿನಿಂದ ಒಮ್ಮೆ ತಟ್ಟಿದರೆ ಮಾತು ನಿಲ್ಲುತ್ತದೆ.

ಐಫೋನ್‌ನಲ್ಲಿ ಎರಡು ಬೆರಳಿನಿಂದ ಮೂರು ಸಲ ತಟ್ಟಿದರೆ 'ಐಟಂ ಚೂಸರ್' ಬರುತ್ತದೆ. ಪರದೆಯ ಮೇಲಿರುವ ಎಲ್ಲದರ ಪಟ್ಟಿ ಅದು. ಮೇಲಿನ ಪೆಟ್ಟಿಗೆಯಲ್ಲಿ ಎರಡು ಅಕ್ಷರ ಟೈಪ್ ಮಾಡಿದರೆ ಬೇಕಾದ ಬಟನ್ ಮುಂದೆ ನಿಲ್ಲುತ್ತದೆ. ಆಂಡ್ರಾಯ್ಡ್‌ನಲ್ಲಿ ಇದೇ ಕೆಲಸಕ್ಕೆ ಟಾಕ್‌ಬ್ಯಾಕ್ ಮೆನುವಿನಲ್ಲಿ ಪರದೆಯೊಳಗೆ ಹುಡುಕುವ ಆಯ್ಕೆ ಇದೆ.

ಇನ್ನೊಂದು ಬಲು ಉಪಯೋಗದ್ದು: ಈಗಷ್ಟೇ ಕೇಳಿಸಿದ ಮಾತನ್ನು ಕಾಪಿ ಮಾಡುವುದು. ಯಾವುದೋ ಆ್ಯಪ್‌ನಲ್ಲಿ ಟಿಕೆಟ್ ಸಂಖ್ಯೆ ಬರುತ್ತದೆ, ಕಾಪಿ ಮಾಡಲು ಬಿಡುವುದಿಲ್ಲ. ಐಫೋನ್‌ನಲ್ಲಿ ಅದನ್ನು ಕೇಳಿಸಿಕೊಂಡು ಮೂರು ಬೆರಳಿನಿಂದ ನಾಲ್ಕು ಸಲ ತಟ್ಟಿ. ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್ ಮೆನು ತೆರೆದು 'ಕಾಪಿ ಲಾಸ್ಟ್ ಸ್ಪೋಕನ್ ಫ್ರೇಸ್' ಆರಿಸಿ. ಆಮೇಲೆ ಮೆಸೇಜ್‌ನಲ್ಲಿ ಪೇಸ್ಟ್ ಮಾಡಿದರಾಯಿತು. ಅದೇ ಮೆನುವಿನಲ್ಲಿ ಕೊನೆಯ ಮಾತನ್ನು ಅಕ್ಷರ ಬಿಡಿಸಿ ಓದಿಸುವ ಆಯ್ಕೆಯೂ ಇದೆ.

ಐಫೋನ್‌ನಲ್ಲಿ ನಾಲ್ಕು ಬೆರಳಿನಿಂದ ಪರದೆಯ ಮೇಲ್ಭಾಗ ತಟ್ಟಿದರೆ ಮೊದಲ ವಸ್ತು, ಕೆಳಭಾಗ ತಟ್ಟಿದರೆ ಕೊನೆಯ ವಸ್ತು. ಎರಡು ಬೆರಳನ್ನು ಎಡ-ಬಲಕ್ಕೆ ಬೇಗ ಉಜ್ಜಿದರೆ ಹಿಂದಿನ ಪುಟ. ಇಷ್ಟು ಸಾಕು, ಉಳಿದವು ಹೆಲ್ಪ್‌ನಲ್ಲಿ ಸಿಗುತ್ತವೆ.

ಹೆಸರಿಲ್ಲದ ಬಟನ್‌ಗೆ ಹೆಸರಿಡುವುದು

'ಬಟನ್, ಬಟನ್, ಅನ್‌ಲೇಬಲ್ಡ್.' ಈ ಮಾತು ಕೇಳದವರಿಲ್ಲ. ಆ್ಯಪ್ ಮಾಡಿದವರು ಸರಿಪಡಿಸುವವರೆಗೆ ಕಾಯಬೇಕಿಲ್ಲ.

ಮೊದಲು ಆ ಬಟನ್ ಏನು ಮಾಡುತ್ತದೆ ಎಂದು ತಿಳಿದುಕೊಳ್ಳಿ. ಒಮ್ಮೆ ಒತ್ತಿ ನೋಡಿ, ಇಲ್ಲವೇ ದೃಷ್ಟಿ ಇರುವವರನ್ನು ಕೇಳಿ. ಹಣ ಕಳಿಸುವ ಆ್ಯಪ್‌ನಲ್ಲಿ ಮಾತ್ರ ಒತ್ತಿ ನೋಡುವ ಸಾಹಸ ಬೇಡ. ಆಮೇಲೆ ಐಫೋನ್‌ನಲ್ಲಿ ಆ ಬಟನ್ ಮೇಲೆ ನಿಂತು, ಎರಡು ಬೆರಳಿನಿಂದ ಡಬಲ್ ಟ್ಯಾಪ್ ಮಾಡಿ ಎರಡನೇ ಸಲ ಬೆರಳು ಎತ್ತದೆ ಹಿಡಿಯಿರಿ. ಹೆಸರು ಬರೆಯುವ ಪೆಟ್ಟಿಗೆ ಬರುತ್ತದೆ. ಕನ್ನಡದಲ್ಲೇ ಬರೆಯಬಹುದು. ಆಂಡ್ರಾಯ್ಡ್‌ನಲ್ಲಿ ಬಟನ್ ಮೇಲೆ ನಿಂತು ಟಾಕ್‌ಬ್ಯಾಕ್ ಮೆನು ತೆರೆದರೆ ಲೇಬಲ್ ಸೇರಿಸುವ ಆಯ್ಕೆ ಕಾಣಿಸುತ್ತದೆ. ಕೆಲವು ಆ್ಯಪ್‌ಗಳ ಒಳರಚನೆ ಇದಕ್ಕೆ ಬಿಡುವುದಿಲ್ಲ, ಆಗ ಆ ಆಯ್ಕೆ ಬರುವುದೇ ಇಲ್ಲ.

ಆ್ಯಪ್ ಅಪ್‌ಡೇಟ್ ಆದಾಗ ನೀವಿಟ್ಟ ಹೆಸರು ಹೋಗಬಹುದು ಅಥವಾ ಬೇರೆ ಬಟನ್‌ಗೆ ಅಂಟಿಕೊಳ್ಳಬಹುದು. ಮುಖ್ಯವಾದ ಬಟನ್‌ಗಳನ್ನು ಅಪ್‌ಡೇಟ್ ನಂತರ ಒಮ್ಮೆ ಪರೀಕ್ಷಿಸಿ. ಆ್ಯಪ್ ಮಾಡಿದವರಿಗೆ ಒಂದು ಮೇಲ್ ಬರೆಯುವುದನ್ನೂ ಬಿಡಬೇಡಿ. ನಿಮ್ಮ ಲೇಬಲ್ ನಿಮ್ಮ ಫೋನ್‌ಗಷ್ಟೇ ಸಿಗುವುದು.

ಐಫೋನ್‌ನಲ್ಲಿ ಇನ್ನೊಂದು ಹೆಜ್ಜೆ ಮುಂದಿದೆ. 2020ರಲ್ಲಿ ಐಒಎಸ್ 14ರ ಜೊತೆ 'ವಾಯ್ಸ್‌ಓವರ್ ರೆಕಗ್ನಿಶನ್' ಬಂತು. ಅದರೊಳಗಿನ 'ಸ್ಕ್ರೀನ್ ರೆಕಗ್ನಿಶನ್' ಪರದೆಯ ಚಿತ್ರ ನೋಡಿ ಇದು ಬಟನ್, ಇದು ಟ್ಯಾಬ್ ಎಂದು ಊಹಿಸುತ್ತದೆ. ಒಂದಕ್ಷರವೂ ಓದದ ಆ್ಯಪ್ ಕೂಡ ಇದರಿಂದ ಸ್ವಲ್ಪ ಬಾಯಿಬಿಡುತ್ತದೆ. ಆದರೆ ಸರಿಯಾಗಿ ಮಾಡಿದ ಆ್ಯಪ್‌ಗಳಲ್ಲಿ ಇದನ್ನು ಆನ್ ಇಟ್ಟರೆ ಇರುವುದೂ ಕೆಡುತ್ತದೆ. ಹಾಗಾಗಿ ಇದನ್ನು ರೋಟರ್‌ಗೆ ಸೇರಿಸಿಕೊಂಡು, ಬೇಕಾದ ಆ್ಯಪ್‌ನಲ್ಲಿ ಮಾತ್ರ ಆನ್ ಮಾಡಿ.

ಪಕ್ಕದವರ ಕಣ್ಣಿನಿಂದ ಕಾಪಾಡಿಕೊಳ್ಳುವುದು

ಬಸ್ಸಿನಲ್ಲಿ ಕೂತು ಮೆಸೇಜ್ ಓದುತ್ತೀರಿ. ಹೆಡ್‌ಫೋನ್ ಹಾಕಿದ್ದೀರಿ, ಯಾರಿಗೂ ಕೇಳಿಸುವುದಿಲ್ಲ. ಆದರೆ ಪರದೆ ಬೆಳಗುತ್ತಲೇ ಇದೆ, ಪಕ್ಕದವರು ಆರಾಮಾಗಿ ಓದಬಹುದು. ಇದು ನಮ್ಮ ಗಮನಕ್ಕೆ ಬರುವುದೇ ಇಲ್ಲ.

ಐಫೋನ್‌ನಲ್ಲಿ ಮೂರು ಬೆರಳಿನಿಂದ ಮೂರು ಸಲ ತಟ್ಟಿದರೆ 'ಸ್ಕ್ರೀನ್ ಕರ್ಟನ್' ಆನ್ ಆಗುತ್ತದೆ. ಪರದೆ ಪೂರ್ತಿ ಕಪ್ಪು. ಫೋನ್ ಎಂದಿನಂತೆ ಕೆಲಸ ಮಾಡುತ್ತದೆ. ಪರದೆಯನ್ನು ದೊಡ್ಡದಾಗಿಸುವ 'ಝೂಮ್' ಸೌಲಭ್ಯ ಕೂಡ ಆನ್ ಇದ್ದರೆ ನಾಲ್ಕು ಸಲ ತಟ್ಟಬೇಕು. ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್ ಮೆನುವಿನಲ್ಲಿ 'ಹೈಡ್ ಸ್ಕ್ರೀನ್' ಇದೆ. ಪಿನ್ ಹಾಕುವಾಗ, ಬ್ಯಾಂಕ್ ಆ್ಯಪ್ ತೆರೆಯುವಾಗ ಇದನ್ನು ಅಭ್ಯಾಸ ಮಾಡಿಕೊಳ್ಳಿ. ಫೋನನ್ನು ರಿಪೇರಿಗೆ ಕೊಡುವ ಮೊದಲು ಮಾತ್ರ ತೆಗೆಯಿರಿ, ಇಲ್ಲದಿದ್ದರೆ ಡಿಸ್‌ಪ್ಲೇ ಹೋಗಿದೆ ಎಂದು ಬಿಚ್ಚಿಬಿಟ್ಟಾರು.

ಧ್ವನಿಯನ್ನು ನಿಮ್ಮ ಕಿವಿಗೆ ಹೊಂದಿಸುವುದು

ವೇಗದಿಂದ ಶುರು ಮಾಡಿ. ಫೋನ್ ಬಂದಾಗ ಇದ್ದ ವೇಗದಲ್ಲೇ ವರ್ಷಗಟ್ಟಲೆ ಕೇಳುವವರಿದ್ದಾರೆ. ಸ್ಪೀಕಿಂಗ್ ರೇಟ್ ರೋಟರ್‌ನಲ್ಲೇ ಇದೆ, ಆಂಡ್ರಾಯ್ಡ್‌ನಲ್ಲಿ ರೀಡಿಂಗ್ ಕಂಟ್ರೋಲ್‌ನಲ್ಲೂ ಸಿಗುತ್ತದೆ. ಆಗಾಗ ಒಂದೊಂದು ಹೆಜ್ಜೆ ಏರಿಸುತ್ತಾ ಹೋಗಿ. ಕಿವಿ ಒಗ್ಗಿಕೊಳ್ಳುತ್ತದೆ.

ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಓದುವವರಿಗೆ ಭಾಷೆಯ ವ್ಯವಸ್ಥೆ ಮುಖ್ಯ. 2022ರ ಐಒಎಸ್ 16ರಿಂದ ವಾಯ್ಸ್‌ಓವರ್‌ನಲ್ಲಿ ಸೌಮ್ಯ ಎಂಬ ಹೆಸರಿನ ಕನ್ನಡ ಧ್ವನಿ ಇದೆ. ವಾಯ್ಸ್‌ಓವರ್‌ನ 'ಸ್ಪೀಚ್' ಒಳಗೆ ಹೋಗಿ ರೋಟರ್‌ಗೆ ಇಂಗ್ಲಿಷ್, ಕನ್ನಡ ಎರಡನ್ನೂ ಸೇರಿಸಿಕೊಳ್ಳಿ. 'ಡಿಟೆಕ್ಟ್ ಲ್ಯಾಂಗ್ವೇಜಸ್' ಆನ್ ಇದ್ದರೆ ಭಾಷೆ ನೋಡಿ ತಾನೇ ಧ್ವನಿ ಬದಲಿಸಲು ಪ್ರಯತ್ನಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಗೂಗಲ್‌ನ ಧ್ವನಿ ಎಂಜಿನ್‌ಗೆ ಕನ್ನಡ ಬರುತ್ತದೆ. ಧ್ವನಿಯ ಫೈಲನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟರೆ ನೆಟ್ ಇಲ್ಲದಾಗಲೂ ಓದುತ್ತದೆ. ತುಂಬಾ ವೇಗವಾಗಿ ಕೇಳುವವರು ಇ-ಸ್ಪೀಕ್ ಎನ್‌ಜಿ ಎಂಜಿನ್ ಹಾಕಿಕೊಂಡು ನೋಡಬಹುದು. ಅದಕ್ಕೂ ಕನ್ನಡ ಬರುತ್ತದೆ. ದನಿ ಯಂತ್ರದ್ದೇ, ಸವಿ ಇಲ್ಲ, ಆದರೆ ಎಷ್ಟೇ ಓಡಿಸಿದರೂ ಮಾತು ಸ್ಪಷ್ಟ.

ಐಫೋನ್‌ನ 'ಸ್ಪೀಚ್' ಒಳಗೆ 'ಪ್ರನನ್ಸಿಯೇಶನ್ಸ್' ಎಂಬ ಜಾಗ ಇದೆ. ನಿಮ್ಮ ಮನೆಯವರ ಹೆಸರನ್ನು ಫೋನ್ ಯಾವಾಗಲೂ ತಿರುಚಿ ಓದುತ್ತದೆಯೇ? ಆ ಹೆಸರು ಬರೆದು, ಹೇಗೆ ಉಚ್ಚರಿಸಬೇಕು ಎಂದು ಪಕ್ಕದಲ್ಲಿ ಬರೆಯಿರಿ.

ಅದೇ ಫೋನ್‌ನಲ್ಲಿ 'ಆಕ್ಟಿವಿಟೀಸ್' ಎಂಬುದೂ ಇದೆ, ಇದನ್ನು ಬಳಸುವವರು ತೀರಾ ಕಡಿಮೆ. ಒಂದೊಂದು ಆ್ಯಪ್‌ಗೆ ಒಂದೊಂದು ಧ್ವನಿ, ವೇಗ, ಚಿಹ್ನೆ ಓದುವ ರೀತಿ ಇಟ್ಟುಕೊಳ್ಳಬಹುದು. ಪುಸ್ತಕದ ಆ್ಯಪ್‌ಗೆ ನಿಧಾನದ ಇಂಪಾದ ಧ್ವನಿ, ಚಿಹ್ನೆ ಓದುವುದು ಬೇಡ. ಬರವಣಿಗೆಯ ಆ್ಯಪ್‌ಗೆ ಎಲ್ಲ ಅಲ್ಪವಿರಾಮ, ಪೂರ್ಣವಿರಾಮವೂ ಕೇಳಿಸಬೇಕು. ಆ್ಯಪ್ ತೆರೆದ ಕೂಡಲೇ ತಾನೇ ಬದಲಾಗುತ್ತದೆ. ಪ್ರೂಫ್ ನೋಡುವವರಿಗಂತೂ ಇದು ಬೇಕೇ ಬೇಕು.

ಗಾಜಿನ ಮೇಲೆ ಬ್ರೈಲ್

ಬ್ರೈಲ್ ಬಲ್ಲವರು ಇದನ್ನು ಬಿಡಬಾರದು. ಪರದೆಯ ಕೀಬೋರ್ಡ್‌ನಲ್ಲಿ ಒಂದೊಂದು ಅಕ್ಷರ ಹುಡುಕಿ ಟೈಪ್ ಮಾಡುವುದಕ್ಕೂ ಆರು ಬೆರಳಿನಿಂದ ಒಮ್ಮೆಗೇ ಒತ್ತುವುದಕ್ಕೂ ಹೋಲಿಕೆಯೇ ಇಲ್ಲ. ಧ್ವನಿಯಲ್ಲಿ ಬರೆಸುವುದು ಸುಲಭ ನಿಜ, ಆದರೆ ಪಾಸ್‌ವರ್ಡನ್ನು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳಲಾಗುತ್ತದೆಯೇ?

ಐಫೋನ್‌ನಲ್ಲಿ 'ಬ್ರೈಲ್ ಸ್ಕ್ರೀನ್ ಇನ್‌ಪುಟ್' 2014ರ ಐಒಎಸ್ 8ರಿಂದ ಇದೆ. ಟಾಕ್‌ಬ್ಯಾಕ್‌ಗೆ ಬ್ರೈಲ್ ಕೀಬೋರ್ಡ್ ಬಂದದ್ದು 2020ರಲ್ಲಿ. ಹಂತಗಳು ಹೀಗಿವೆ:

1. ಐಫೋನ್: ವಾಯ್ಸ್‌ಓವರ್ ಸೆಟ್ಟಿಂಗ್ಸ್‌ನ ರೋಟರ್ ಪಟ್ಟಿಯಲ್ಲಿ 'ಬ್ರೈಲ್ ಸ್ಕ್ರೀನ್ ಇನ್‌ಪುಟ್' ಟಿಕ್ ಮಾಡಿ. 'ಬ್ರೈಲ್' ವಿಭಾಗದಲ್ಲಿ ನಿಮ್ಮ ಭಾಷೆಯ ಬ್ರೈಲ್ ಪಟ್ಟಿಯನ್ನೂ ಆರಿಸಿ. ಬರೆಯುವ ಜಾಗದಲ್ಲಿದ್ದಾಗ ರೋಟರ್ ತಿರುಗಿಸಿ ಅದನ್ನು ಆನ್ ಮಾಡಿ.
   ಆಂಡ್ರಾಯ್ಡ್: ಟಾಕ್‌ಬ್ಯಾಕ್ ಸೆಟ್ಟಿಂಗ್ಸ್, ಬ್ರೈಲ್ ಕೀಬೋರ್ಡ್, ಸೆಟಪ್. ಆಮೇಲೆ ಬರೆಯುವ ಜಾಗದಲ್ಲಿ ಕೀಬೋರ್ಡ್ ಬದಲಿಸಿ.
2. ಫೋನನ್ನು ಅಡ್ಡ ಮಾಡಿ, ಪರದೆ ನಿಮ್ಮ ಕಡೆಗಲ್ಲದೆ ಹೊರಕ್ಕೆ ಮುಖ ಮಾಡುವಂತೆ ಎರಡು ಕೈಯಲ್ಲಿ ಹಿಡಿಯಿರಿ. ಪ್ರತಿ ಕೈಯ ಮೂರು ಬೆರಳು ಪರದೆಯ ಮೇಲೆ. ಮೇಜಿನ ಮೇಲೆ ಮಲಗಿಸಿಟ್ಟೂ ಬರೆಯಬಹುದು, ಬ್ರೈಲರ್ (ಬ್ರೈಲ್ ಟೈಪ್ ಮಾಡುವ ಯಂತ್ರ) ಬಳಸಿದವರಿಗೆ ಅದೇ ಹಿತ ಎನಿಸಬಹುದು.
3. ಚುಕ್ಕೆಗಳನ್ನು ಒಟ್ಟಿಗೇ ಒತ್ತಿ, ಒಟ್ಟಿಗೇ ಎತ್ತಿ.
4. ಎರಡೂ ಫೋನ್‌ಗಳಲ್ಲಿ ಒಂದು ಬೆರಳನ್ನು ಬಲಕ್ಕೆ ಎಳೆದರೆ ಖಾಲಿ ಜಾಗ, ಎಡಕ್ಕೆ ಎಳೆದರೆ ಅಳಿಸುವುದು. ಎರಡು ಬೆರಳು ಬಲಕ್ಕೆ ಎಳೆದರೆ ಹೊಸ ಸಾಲು.

ಮೊದಮೊದಲು ಅಕ್ಷರಗಳು ಕಲಸುಮೇಲೋಗರ ಆಗುತ್ತವೆ. ಮುಖ್ಯ ಕಾರಣ, ನಿಮ್ಮ ಬೆರಳು ಇರುವ ಜಾಗವೂ ಫೋನ್ ಅಂದುಕೊಂಡ ಜಾಗವೂ ಬೇರೆ ಬೇರೆ. ಐಫೋನ್ ಮೇಜಿನ ಮೇಲಿದ್ದಾಗ ಬಲಗೈಯ ಮೂರು ಬೆರಳು ತಟ್ಟಿ, ಕೂಡಲೇ ಎಡಗೈಯ ಮೂರು ಬೆರಳು ತಟ್ಟಿ. ಚುಕ್ಕೆಗಳು ನಿಮ್ಮ ಬೆರಳಿನ ಕೆಳಗೆ ಬಂದು ನಿಲ್ಲುತ್ತವೆ. ಬರೆಯುತ್ತಾ ಕೈ ಸರಿದಾಗೆಲ್ಲ ಇದನ್ನು ಮಾಡಿ. ಫೋನ್‌ನ ಕವರ್ ಅಂಚು ದಪ್ಪ ಇದ್ದರೆ ತುದಿಯ ಬೆರಳುಗಳು ಸರಿಯಾಗಿ ಕೂರುವುದಿಲ್ಲ, ತೆಗೆದು ನೋಡಿ.

ಐಫೋನ್‌ನಲ್ಲಿ ಇದು ಬರೆಯುವುದಕ್ಕಷ್ಟೇ ಅಲ್ಲ. ಹೋಮ್ ಸ್ಕ್ರೀನ್‌ನಲ್ಲಿ ಬ್ರೈಲ್ ಆನ್ ಮಾಡಿ ಆ್ಯಪ್ ಹೆಸರಿನ ಎರಡು ಮೂರು ಅಕ್ಷರ ಬರೆದರೆ ಹೊಂದುವ ಆ್ಯಪ್‌ಗಳು ಸಿಗುತ್ತವೆ. ಪುಟ ಪುಟ ದಾಟುವ ಕೆಲಸವೇ ಇಲ್ಲ. ಲಾಕ್ ಸ್ಕ್ರೀನ್‌ನಲ್ಲಿ ಪಾಸ್‌ಕೋಡನ್ನೂ ಬ್ರೈಲ್‌ನಲ್ಲೇ ಹಾಕಬಹುದು.

ಕ್ಯಾಮೆರಾ ಮತ್ತು ಚಿತ್ರಗಳು: ಎಷ್ಟು ನಂಬಬಹುದು?

ವಾಯ್ಸ್‌ಓವರ್ ರೆಕಗ್ನಿಶನ್‌ನಲ್ಲಿ 'ಇಮೇಜ್ ಡಿಸ್ಕ್ರಿಪ್ಶನ್ಸ್' ಆನ್ ಮಾಡಿದರೆ ಫೋಟೋದ ಮೇಲೆ ಬಂದಾಗ ಅದರಲ್ಲಿ ಏನಿದೆ ಎಂದು ಫೋನ್ ಹೇಳುತ್ತದೆ. 'ಟೆಕ್ಸ್ಟ್ ರೆಕಗ್ನಿಶನ್' ಆನ್ ಇದ್ದರೆ ಚಿತ್ರದೊಳಗಿನ ಬರಹವನ್ನು ಓದುತ್ತದೆ. ಟಾಕ್‌ಬ್ಯಾಕ್‌ನಲ್ಲಿ ಚಿತ್ರದ ಮೇಲೆ ನಿಂತು ಮೆನು ತೆರೆದರೆ ವಿವರಿಸುವ ಆಯ್ಕೆ ಇದೆ. 2024ರಿಂದ ಇದಕ್ಕೆ ಗೂಗಲ್‌ನ ಎಐ ಜೆಮಿನಿ ಸೇರಿದೆ, 2025ರಲ್ಲಿ ಚಿತ್ರದ ಬಗ್ಗೆ, ಪರದೆಯ ಬಗ್ಗೆ ಮರುಪ್ರಶ್ನೆ ಕೇಳುವ ಸೌಲಭ್ಯವೂ ಬಂತು. ಎಲ್ಲ ಫೋನ್‌ಗಳಲ್ಲೂ ಇದು ಸಿಗುವುದಿಲ್ಲ. ಕೆಲವು ಫೋನ್‌ಗಳಲ್ಲಿ ಈ ಕೆಲಸ ಫೋನ್ ಒಳಗೇ ನಡೆಯುತ್ತದೆ, ಉಳಿದವುಗಳಲ್ಲಿ ಚಿತ್ರ ಸರ್ವರ್‌ಗೆ ಹೋಗುತ್ತದೆ. ಗುರುತಿನ ಚೀಟಿ, ಆಸ್ಪತ್ರೆ ವರದಿಯ ಫೋಟೋ ಆದರೆ ಕಳಿಸುವ ಮೊದಲು ಯೋಚಿಸಿ.

ಐಫೋನ್‌ನ ಮ್ಯಾಗ್ನಿಫೈಯರ್ ಆ್ಯಪ್ ಹೆಸರು ನೋಡಿ ಮೋಸ ಹೋಗಬೇಡಿ. ಅದು ಮಂದದೃಷ್ಟಿಯವರಿಗಷ್ಟೇ ಅಲ್ಲ. ಹತ್ತಿರದ ಜನ ಎಷ್ಟು ದೂರದಲ್ಲಿದ್ದಾರೆ ಎಂದು ಹೇಳುವ ಸೌಲಭ್ಯ 2020ರಲ್ಲಿ ಬಂತು. ಬಾಗಿಲು ಎಲ್ಲಿದೆ, ತಳ್ಳಬೇಕೇ ಎಳೆಯಬೇಕೇ ಎಂದು ಹೇಳುವುದು ಐಒಎಸ್ 16ರಲ್ಲಿ ಬಂತು. ಐಒಎಸ್ 17ರ 'ಪಾಯಿಂಟ್ ಅಂಡ್ ಸ್ಪೀಕ್'ನಲ್ಲಿ ಮೈಕ್ರೋವೇವ್ ಬಟನ್ ಮೇಲೆ ಬೆರಳಿಟ್ಟರೆ ಅಲ್ಲಿ ಬರೆದದ್ದನ್ನು ಓದುತ್ತದೆ. ಈ ಮೂರಕ್ಕೂ ದೂರ ಅಳೆಯುವ ಲೈಡಾರ್ ಸೆನ್ಸರ್ ಬೇಕು. ಅದು ಇರುವುದು 12 ಪ್ರೊ ಮತ್ತು ಅದರ ನಂತರದ ಪ್ರೊ ಐಫೋನ್‌ಗಳಲ್ಲಿ ಮತ್ತು 2020ರಿಂದ ಈಚಿನ ಕೆಲವು ಐಪ್ಯಾಡ್ ಪ್ರೊಗಳಲ್ಲಿ.

ಇವೆಲ್ಲ ಊಹೆ ಮಾಡುವ ಸಾಧನಗಳು, ಮತ್ತು ತಪ್ಪನ್ನೂ ಅಷ್ಟೇ ಆತ್ಮವಿಶ್ವಾಸದಿಂದ ಹೇಳುತ್ತವೆ. ಅಪಾಯ ಇರುವ ಕಡೆ, ದಾರಿ ಹುಡುಕಲು ಇವನ್ನು ನಂಬಬೇಡಿ ಎಂದು ಆ್ಯಪಲ್ ತಾನೇ ಎಚ್ಚರಿಸುತ್ತದೆ. ಮಾತ್ರೆಯ ಹೆಸರು, ಔಷಧಿಯ ಪ್ರಮಾಣ, ಹಣದ ಮೊತ್ತ, ಇವಕ್ಕೆ ಮನುಷ್ಯರ ಕಣ್ಣು ಅಥವಾ ಇನ್ನೊಂದು ಸಾಧನದ ಸಾಕ್ಷಿ ಬೇಕು. ರಸ್ತೆಯಲ್ಲಿ ಕೈಯಲ್ಲಿ ಬಿಳಿ ಕೋಲೇ ಇರಲಿ.

ನಿಮ್ಮದೇ ಗೆಸ್ಚರ್

ದಿನಾ ಮಾಡುವ ಕೆಲಸಕ್ಕೆ ಇರುವ ಗೆಸ್ಚರ್ ಕೈಗೆ ಬಾರದಿದ್ದರೆ ಬದಲಿಸಿ. ಐಫೋನ್‌ನಲ್ಲಿ ವಾಯ್ಸ್‌ಓವರ್, ಕಮಾಂಡ್ಸ್. ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್ ಸೆಟ್ಟಿಂಗ್ಸ್, ಕಸ್ಟಮೈಸ್ ಗೆಸ್ಚರ್ಸ್. ಎರಡೂ ಕಡೆ ಮೊದಲೇ ಇದ್ದುದಕ್ಕೆ ವಾಪಸ್ ಹೋಗುವ ರೀಸೆಟ್ ಇದೆ, ಹೆದರಬೇಕಿಲ್ಲ. ಆಂಡ್ರಾಯ್ಡ್‌ನಲ್ಲಿ ನಾನು ಮೊದಲು ಹಾಕಿಕೊಳ್ಳಿ ಎನ್ನುವುದು 'ಹೈಡ್ ಸ್ಕ್ರೀನ್' ಮತ್ತು ಕೊನೆಯ ಮಾತು ಕಾಪಿ ಮಾಡುವುದು. ನಿಮ್ಮ ಪಟ್ಟಿಯಲ್ಲಿ ಇವು ಸಿಕ್ಕರೆ ಮೆನು ತೆರೆಯುವ ಕೆಲಸ ಉಳಿಯಿತು.

ಐಫೋನ್‌ನವರು 'ಶಾರ್ಟ್‌ಕಟ್ಸ್' ಆ್ಯಪನ್ನೂ ಇದಕ್ಕೆ ಜೋಡಿಸಬಹುದು. ಉದಾಹರಣೆಗೆ ಬ್ಯಾಟರಿ ಎಷ್ಟಿದೆ ಎಂದು ಕೇಳಲು: ಹೊಸ ಶಾರ್ಟ್‌ಕಟ್ ಮಾಡಿ 'ಗೆಟ್ ಬ್ಯಾಟರಿ ಲೆವೆಲ್' ಸೇರಿಸಿ, ಅದರ ಕೆಳಗೆ 'ಸ್ಪೀಕ್ ಟೆಕ್ಸ್ಟ್' ಸೇರಿಸಿ, ಹೆಸರಿಟ್ಟು ಉಳಿಸಿ. ಆಮೇಲೆ ಕಮಾಂಡ್ಸ್‌ನಲ್ಲಿ ಆ ಶಾರ್ಟ್‌ಕಟ್ ಹುಡುಕಿ ಯಾವುದಾದರೂ ಖಾಲಿ ಗೆಸ್ಚರ್ ಕೊಡಿ. ಐಫೋನ್ 8 ಮತ್ತು ನಂತರದವುಗಳಲ್ಲಿ 'ಬ್ಯಾಕ್ ಟ್ಯಾಪ್' ಇದೆ, ಫೋನ್‌ನ ಬೆನ್ನಿಗೆ ಎರಡು ಅಥವಾ ಮೂರು ಸಲ ತಟ್ಟಿದರೆ ಇದೇ ಶಾರ್ಟ್‌ಕಟ್ ಓಡುತ್ತದೆ. ಎರಡು ತಟ್ಟುವುದು ಜೇಬಿನಲ್ಲಿ ಸುಮ್ಮಸುಮ್ಮನೆ ಆಗಿಬಿಡಬಹುದು, ಮೂರಕ್ಕೆ ಇಡಿ.

ಇನ್ನು ಉಳಿದ ಮೂರು

ಬ್ರೈಲ್ ಡಿಸ್‌ಪ್ಲೇ (ಪರದೆಯ ಬರಹವನ್ನು ಉಬ್ಬು ಚುಕ್ಕೆಗಳಲ್ಲಿ ತೋರಿಸುವ ಸಾಧನ) ಇದ್ದವರು ಐಫೋನ್‌ಗೆ ಜೋಡಿಸುವಾಗ ಬ್ಲೂಟೂತ್ ಮೆನುವಿಗೆ ಹೋಗುತ್ತಾರೆ. ಹೋಗಬೇಕಾದದ್ದು ವಾಯ್ಸ್‌ಓವರ್‌ನ 'ಬ್ರೈಲ್' ವಿಭಾಗಕ್ಕೆ. ಟಾಕ್‌ಬ್ಯಾಕ್‌ನಲ್ಲೂ 'ಬ್ರೈಲ್ ಡಿಸ್‌ಪ್ಲೇ' ಈಗ ಒಳಗೇ ಇದೆ, 2022ರಿಂದ ಬೇರೆ ಆ್ಯಪ್ ಬೇಕಾಗಿಲ್ಲ. ಡಿಸ್‌ಪ್ಲೇ ಇಲ್ಲದವರು ಸಾಮಾನ್ಯ ಬ್ಲೂಟೂತ್ ಕೀಬೋರ್ಡ್ ಜೋಡಿಸಿ ನೋಡಿ. ಐಫೋನ್‌ನಲ್ಲಿ ಎಡ ಮತ್ತು ಬಲ ಬಾಣದ ಕೀಲಿ ಒಟ್ಟಿಗೆ ಒತ್ತಿದರೆ 'ಕ್ವಿಕ್ ನ್ಯಾವ್' ಆನ್. ಆಮೇಲೆ ಬಾಣದ ಕೀಲಿಗಳಲ್ಲೇ ಪರದೆ ಸುತ್ತಬಹುದು. ಮೇಲೆ ಮತ್ತು ಕೆಳಗಿನ ಬಾಣ ಒಟ್ಟಿಗೆ ಒತ್ತಿದರೆ ಡಬಲ್ ಟ್ಯಾಪ್ ಮಾಡಿದ ಹಾಗೆ.

ಆ್ಯಪಲ್ ವಾಚ್ ಇದ್ದರೆ ಗಡಿಯಾರದ ಸೆಟ್ಟಿಂಗ್ಸ್‌ನಲ್ಲಿ 'ಟ್ಯಾಪ್ಟಿಕ್ ಟೈಮ್' ಹುಡುಕಿ. ಸಮಯವನ್ನು ಮಣಿಕಟ್ಟಿನ ಮೇಲೆ ತಟ್ಟಿ ಹೇಳುತ್ತದೆ. ಮೀಟಿಂಗ್‌ನಲ್ಲಿ ಯಾರಿಗೂ ಗೊತ್ತಾಗದೆ ಸಮಯ ತಿಳಿಯಬಹುದು.

ಕೊನೆಯದು ತುರ್ತು ಕರೆ. ಐಫೋನ್‌ನಲ್ಲೂ, ಆಂಡ್ರಾಯ್ಡ್ 12ರಿಂದ ಬಹಳಷ್ಟು ಫೋನ್‌ಗಳಲ್ಲೂ, ಪವರ್ ಬಟನ್ ಐದು ಸಲ ಬೇಗ ಒತ್ತಿದರೆ ತುರ್ತು ಕರೆ ಶುರುವಾಗುವಂತೆ ಇಡಬಹುದು. ಪರದೆ ಹುಡುಕುವ ಗೊಡವೆ ಇಲ್ಲದ್ದರಿಂದ ನಮಗೆ ತುಂಬಾ ಅನುಕೂಲ. ಆದರೆ ಐಫೋನ್‌ನವರಿಗೆ ಇದರಲ್ಲಿ ಒಂದು ತೊಡಕಿದೆ. ವಾಯ್ಸ್‌ಓವರ್‌ಗೆ ಮೂರು ಸಲ ಒತ್ತುವುದೂ ಇದೇ ಬಟನ್. ಅದು ಬರಲಿಲ್ಲ ಎಂದು ಗಾಬರಿಯಲ್ಲಿ ಮತ್ತೆ ಮತ್ತೆ ಒತ್ತಿದರೆ ಲೆಕ್ಕ ಐದಕ್ಕೆ ಹೋಗಿ ಸೈರನ್ ಹೊಡೆದುಕೊಳ್ಳುತ್ತದೆ. ಮೂರು ಸಲ ಒತ್ತಿ, ನಿಂತು, ಧ್ವನಿಗೆ ಕಾಯಿರಿ. ಬೆರಳು ನಿಧಾನ ಇರುವವರು ಆಕ್ಸೆಸಿಬಿಲಿಟಿಯ 'ಸೈಡ್ ಬಟನ್' ಒಳಗೆ ಕ್ಲಿಕ್ ವೇಗವನ್ನು 'ಸ್ಲೋ'ಗೆ ಇಟ್ಟುಕೊಳ್ಳಿ.